ಕಾಗದದ ಟ್ಯಾಂಕಿಗೆ ಧೂಳು, ಮಸಿ, ತುಕ್ಕು

ಪ್ರಶ್ನೆ: 1:25 ಅಳತೆಯ ಟಿ-55 ಟ್ಯಾಂಕಿನ ಹಾಳೆಗಳನ್ನು ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ದಪ್ಪ ಕಾಗದದ ಮೇಲೆ ಮುದ್ರಿಸಿಕೊಂಡು ಕಟ್ಟಿದ್ದೇನೆ. ಕಟ್ಟುವುದೇನೋ ಚೆನ್ನಾಗಿಯೇ ಬಂತು. ಆದರೆ ಮಡಿಕೆ, ಅಂಚುಗಳಲ್ಲೆಲ್ಲ ಬಿಳಿ ಗೆರೆ ಎದ್ದು ಕಾಣುತ್ತದೆ. ಪ್ಲಾಸ್ಟಿಕ್ ಮಾಡೆಲ್ ಮಾಡುವವರ ವಿಡಿಯೊ ನೋಡಿ ಕಂದು ಜಲವರ್ಣವನ್ನು ತೆಳ್ಳಗೆ ಕಲಸಿ ಹಿಂದಿನ ಎಂಜಿನ್ ಡೆಕ್ಕಿಗೆ (ಎಂಜಿನ್ನಿನ ಮೇಲಿನ ಚಪ್ಪಟೆ ಮುಚ್ಚಿಗೆಗೆ) ಹಚ್ಚಿದೆ. ಹಸಿರೆಲ್ಲ ಹರಡಿಕೊಂಡಿತು, ಕಾಗದ ಉಬ್ಬಿತು. ಈಗ ಇನ್ನೊಂದು ಕಟ್ಟಬೇಕೆಂದಿದ್ದೇನೆ. 1971ರ ಯುದ್ಧದಲ್ಲಿ ಓಡಾಡಿದ ಗಾಡಿಯಂತೆ ಕಾಣಬೇಕು. ದಸರೆಯ ಗೊಂಬೆಗಳ ಜೊತೆ ಕೂರಿಸುವ ಆಸೆ. ಎಲ್ಲಿಂದ ಶುರು ಮಾಡಲಿ? ಹಾಳಾದದ್ದನ್ನು ಸರಿ ಮಾಡಬಹುದೇ?
— ಮಂಡ್ಯದ ಓದುಗರೊಬ್ಬರು

ಉತ್ತರ: ನಿಮ್ಮ ಕೈಕೆಲಸದಲ್ಲಿ ಕೊರತೆಯೇನಿಲ್ಲ. ನೀವು ನೋಡಿದ ವಿಧಾನ ಪ್ಲಾಸ್ಟಿಕ್ಕಿಗೆ ಹೇಳಿದ್ದು. ಪ್ಲಾಸ್ಟಿಕ್ ನೀರು ಕುಡಿಯುವುದಿಲ್ಲ. ಬಣ್ಣದ ನೀರು ಮೂಲೆ, ಸಂದಿಗಳಿಗೆ ಇಳಿದು ಅಲ್ಲೇ ಒಣಗುತ್ತದೆ. ಕಾಗದವೋ ನಾರಿನ ಹೆಣಿಗೆ. ನೀರು ತಾಗಿದರೆ ನಾರು ಊದಿಕೊಳ್ಳುತ್ತದೆ, ಅದೂ ಉದ್ದಕ್ಕಿಂತ ಅಡ್ಡಡ್ಡಕ್ಕೆ ಹೆಚ್ಚು. ನಾಲ್ಕೂ ಕಡೆ ಅಂಟಿನಿಂದ ಬಿಗಿದಿರುವ ಡೆಕ್ಕಿಗೆ ಪಕ್ಕಕ್ಕೆ ಹಿಗ್ಗಲು ಜಾಗವಿಲ್ಲ, ಮೇಲಕ್ಕೆ ಉಬ್ಬುತ್ತದೆ. ಒಣಗಿದ ಮೇಲೂ ಮೊದಲಿನ ಮಟ್ಟ ಬರುವುದಿಲ್ಲ. ಸಾಲದ್ದಕ್ಕೆ ಮನೆಯ ಇಂಕ್‌ಜೆಟ್ ಪ್ರಿಂಟರುಗಳ ಬಣ್ಣದ ಶಾಯಿ ಬಹುಮಟ್ಟಿಗೆ ನೀರಿನಲ್ಲಿ ಕರಗುವ ಡೈ. ಕುಂಚದ ತೇವಕ್ಕೆ ಅದು ಮತ್ತೆ ಕರಗಿ ಓಡಿತು, ಅಷ್ಟೇ.

ಆದ್ದರಿಂದ ಮುಂದಿನ ಟ್ಯಾಂಕಿಗೆ ಕೆಲಸದ ಕ್ರಮವನ್ನೇ ತಿರುವುಹಾಕಿ. ಪ್ಲಾಸ್ಟಿಕ್ಕಿನವರು ಕಟ್ಟಿ ಮುಗಿಸಿದ ಮೇಲೆ ಕೊಳೆ ಮಾಡುತ್ತಾರೆ. ಕಾಗದದಲ್ಲಿ ಆ ಕೆಲಸ ಕತ್ತರಿ ಹಿಡಿಯುವ ಮೊದಲೇ ಶುರುವಾಗಬೇಕು, ಅದರ ಮುಕ್ಕಾಲು ಪಾಲು ಒಣ ಪುಡಿ ಮತ್ತು ಪೆನ್ಸಿಲಿನಲ್ಲೇ ಮುಗಿಯಬೇಕು. ಇನ್ನೊಂದು ಮಾತು, ಇದನ್ನು ನಾನು ಎಲ್ಲಕ್ಕಿಂತ ಮುಖ್ಯ ಎಂದು ನಂಬಿದ್ದೇನೆ: ಎಲ್ಲಿಂದ ಬಂತು ಎಂದು ಹೇಳಲಾಗದ ಕಲೆಯನ್ನು ಮಾಡೆಲಿನ ಮೇಲೆ ಇಡಬೇಡಿ.

ಮೊದಲು ಮುದ್ರಣದ ವಿಚಾರ. ಹಾಳೆಯ ಅಂಚಿನಲ್ಲಿ ಬಳಕೆಗೆ ಬಾರದ ಒಂದು ತುಂಡು ಉಳಿದಿರುತ್ತದೆಯಲ್ಲ, ಅದರ ಮೇಲೆ ಒದ್ದೆ ಇಯರ್‌ಬಡ್ ಒಮ್ಮೆ ಎಳೆದು ನೋಡಿ. ಹತ್ತಿಗೆ ಹಸಿರು ಬಂದರೆ ಅದು ಡೈ ಶಾಯಿ. ಬರದಿದ್ದರೆ ಪಿಗ್ಮೆಂಟ್ ಶಾಯಿ ಇರಬಹುದು, ಇಲ್ಲವೇ ಲೇಸರ್ ಮುದ್ರಣ. ಪೇಟೆ ಬೀದಿಯ ಜೆರಾಕ್ಸ್ ಅಂಗಡಿಯಲ್ಲಿ ಕಲರ್ ಲೇಸರ್ ಮುದ್ರಣ ಸಿಕ್ಕಿದರೆ ನೀರಿನ ಭಯ ಅರ್ಧ ಕಳೆಯಿತು. ಆದರೆ ಲೇಸರಿನ ಟೋನರ್ ಕಾಗದದೊಳಗೆ ಇಳಿಯುವುದಿಲ್ಲ. ಪ್ಲಾಸ್ಟಿಕ್ ಪುಡಿ ಕರಗಿ ಮೇಲ್ಮೈಗೆ ಅಂಟಿಕೊಂಡಿರುತ್ತದೆ. ಮಡಿಸಿದ ಕಡೆ ಸಿಡಿದು ಬಿಳಿ ಬಿಡುತ್ತದೆ, ಥಿನ್ನರ್ ಅಥವಾ ಅಸಿಟೋನ್ ತಾಗಿದರೆ ಕರಗಿಯೇ ಹೋಗುತ್ತದೆ. ಎರಡರಲ್ಲಿ ಯಾವುದು ಮೇಲು ಎಂದರೆ, ಮೈಮೇಲೆ ಬಾಗುವ ತುಂಡುಗಳು ಹೆಚ್ಚಿರುವ ಟಿ-55ನಂಥ ಗಾಡಿಗೆ ನಾನು ಇಂಕ್‌ಜೆಟ್ಟನ್ನೇ ಆರಿಸುತ್ತೇನೆ. ಆ ದುಂಡು ಗೋಪುರದ, ಅಂದರೆ ಫಿರಂಗಿ ಹೊತ್ತು ತಿರುಗುವ ಟರೆಟ್ಟಿನ, ತುಂಡುಗಳನ್ನು ಬೆರಳಲ್ಲಿ ತಿದ್ದಿ ಬಾಗಿಸುವಾಗ ಟೋನರ್ ತಡೆಯುವುದಿಲ್ಲ. ಕಾಗದ 160ರಿಂದ 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಒಳಗಿರಲಿ, ಹೊಳಪಿನ ಲೇಪ ಇರುವುದು ಬೇಡ. ಹೊಳಪಿನ ಹಾಳೆಯ ಮೇಲೆ ಪುಡಿ ನಿಲ್ಲುವುದೇ ಇಲ್ಲ, ಜಾರುತ್ತದೆ.

ನಿಮ್ಮ ಹಾಳೆಗಳು ಪಿಡಿಎಫ್ ರೂಪದಲ್ಲಿರುವುದರಿಂದ ದೊಡ್ಡ ಅನುಕೂಲವಿದೆ. ಬಿಸಿಲಿಗೆ ಮಾಸಿದ ಬಣ್ಣವನ್ನು ಕುಂಚದಿಂದ ತರುವ ಬದಲು ಕಂಪ್ಯೂಟರಿನಲ್ಲೇ ತಂದುಬಿಡಿ. ಜಿಂಪ್‌ನಂಥ ಉಚಿತ ತಂತ್ರಾಂಶ ಸಾಕು. ಮೂಲ ಹಸಿರಿನ ಮೇಲೆ ಹೊಸ ಪದರ ಹಾಕಿಕೊಂಡು, ಮೇಲ್ಮುಖವಾಗಿ ಬಿಸಿಲಿಗೆ ಒಡ್ಡಿಕೊಳ್ಳುವ ಡೆಕ್, ಗೋಪುರದ ನೆತ್ತಿ, ಚಕ್ರಗಳ ಮೇಲಿನ ತಗಡಾದ ಫೆಂಡರ್‌ಗಳಿಗೆ ತುಸು ಹಳದಿ ಮಿಶ್ರಿತ ಬಿಳುಪು ಕೊಡಿ. ಪಕ್ಕದ ತಗಡುಗಳನ್ನು ಹಾಗೇ ಬಿಡಿ, ತಳಭಾಗ ಇನ್ನೂ ಒಂದು ಛಾಯೆ ಗಾಢವಾಗಿರಲಿ. ಇಷ್ಟರಿಂದಲೇ ಮಾಡೆಲಿಗೆ ಮೈದುಂಬಿದ ನೋಟ ಬರುತ್ತದೆ. ಒಂದು ಎಚ್ಚರಿಕೆ: ಪೋಲೆಂಡಿನ ಕೆಲವು ಪ್ರಕಾಶಕರು ಕೊಳೆ, ಗೀರು, ತುಕ್ಕನ್ನೆಲ್ಲ ಹಾಳೆಯಲ್ಲೇ ಮುದ್ರಿಸಿ ಕೊಡುತ್ತಾರೆ. 1957ರಲ್ಲೇ ಕಾಗದದ ಮಾಡೆಲುಗಳ ‘ಮಾವಿ ಮೊಡೆಲಾಶ್’ ಪತ್ರಿಕೆ ಶುರುವಾದ ದೇಶ ಅದು, ಕಾಗದದ ಮಾಡೆಲಿನಲ್ಲಿ ಅವರ ಕೈ ಪಳಗಿದೆ. ಅಂಥ ಹಾಳೆ ಸಿಕ್ಕಿದರೆ ಅದರ ಮೇಲೆ ಮತ್ತೆ ಕೊಳೆ ಹೇರಬೇಡಿ. ಅಂಚು ಬಳಿದು, ಸ್ವಲ್ಪ ಧೂಳು ಕೂರಿಸಿದರೆ ಸಾಕು.

ಈಗ ಬಿಳಿ ಅಂಚು. ಕಾಗದದ ಮಾಡೆಲನ್ನು ನೋಡಿದ ಕೂಡಲೇ ಇದು ಕಾಗದ ಎಂದು ಕೂಗಿ ಹೇಳುವುದು ಅದೇ. ಇದನ್ನು ಬಗೆಹರಿಸದೆ ಮಿಕ್ಕ ಯಾವ ಕೆಲಸಕ್ಕೂ ಬೆಲೆಯಿಲ್ಲ, ಹಾಗಾಗಿ ಇಲ್ಲಿ ತಾಳ್ಮೆ ವಹಿಸಿ. ತುಂಡು ಕತ್ತರಿಸಿದ ತಕ್ಷಣ, ಅಂಟು ಹಚ್ಚುವ ಮೊದಲು, ಪ್ರತಿ ಅಂಚಿಗೂ ಬಣ್ಣ ಕೊಡಬೇಕು. ಶಾಲಾ ಮಕ್ಕಳು ಬಳಸುವ ಪೋಸ್ಟರ್ ಕಲರ್ ಇದಕ್ಕೆ ಹೇಳಿ ಮಾಡಿಸಿದ್ದು, ಏಕೆಂದರೆ ಅದು ಗಟ್ಟಿ, ಹೊಳಪಿಲ್ಲ. ಸ್ಯಾಪ್ ಗ್ರೀನ್, ಬರ್ಂಟ್ ಅಂಬರ್, ತುಸು ಬಿಳಿ ಸೇರಿಸಿ ಮುದ್ರಣದ ಹಸಿರಿಗೆ ಹೊಂದಿಸಿಕೊಳ್ಳಿ. ಸರಿಯಾಗಿ ಹೊಂದದಿದ್ದರೆ ಒಂದು ಚೂರು ಗಾಢವಾಗಿರಲಿ. ಗಾಢ ಅಂಚು ನೆರಳಿನಂತೆ ಕಾಣುತ್ತದೆ, ತೆಳು ಅಂಚು ಮತ್ತೆ ಕಾಗದವನ್ನೇ ತೋರಿಸುತ್ತದೆ. ಬಣ್ಣ ಒಣಗುವಾಗ ಛಾಯೆ ಬದಲಾಗುವುದರಿಂದ ತುಂಡು ಹಾಳೆಯ ಮೇಲೆ ಬಳಿದು, ಒಣಗಿಸಿ ನೋಡಿ ಆಮೇಲೆ ತೀರ್ಮಾನಿಸಿ.

ಕುಂಚವನ್ನು ಬಣ್ಣದಲ್ಲಿ ಅದ್ದಿ, ಹಳೆ ಬಟ್ಟೆಗೆ ಒರೆಸಿ, ಬಹುತೇಕ ಒಣಗಿದಂತಿರುವಾಗ ತುಂಡನ್ನು ಮುದ್ರಿತ ಮುಖ ಕೆಳಗೆ ಮಾಡಿ ಹಿಡಿದು, ಹಿಂಬದಿಯಿಂದ ಅಂಚಿನ ಕಡೆಗೆ ಸವರಿ. ಕುಂಚದ ತುದಿಯಿಂದಲ್ಲ, ಪಕ್ಕದಿಂದ. ಹೀಗೆ ಮಾಡಿದರೆ ಬಣ್ಣ ಅಂಚಿನ ದಪ್ಪಕ್ಕಷ್ಟೇ ತಾಗುತ್ತದೆ, ಮುಂದಿನ ಮುಖಕ್ಕೆ ತೆವಳುವುದಿಲ್ಲ. ಮಡಿಕೆಗಳಿಗೆ ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲ್ ಹಿಡಿದು ಗೀರಿ, ನಿಧಾನ ಮಡಿಸಿ, ಮಡಿಕೆಯ ನೆತ್ತಿಗೆ ಅದೇ ಛಾಯೆಯ ವಾಟರ್‌ಕಲರ್ ಪೆನ್ಸಿಲನ್ನು ಒಣದಾಗಿಯೇ ಉಜ್ಜಿ. ಬ್ಲೇಡಿನಿಂದ ಗೀರುವವರಿದ್ದಾರೆ, ಅದರಿಂದ ಮೇಲ್ಪದರ ಕತ್ತರಿಸಿ ಬಿಳಿ ಇನ್ನಷ್ಟು ಬಾಯಿ ಬಿಡುತ್ತದೆ. ಸ್ಕೆಚ್‌ಪೆನ್ ಬೇಡ, ಅದರ ಶಾಯಿ ನಾರಿನ ಜಾಡು ಹಿಡಿದು ಒಳಕ್ಕೆ ಹರಡುತ್ತದೆ.

ಮುಂದಿನದು ಬಂದೋಬಸ್ತು, ಅಂದರೆ ಸೀಲ್ ಮಾಡುವುದು. ನಮ್ಮ ಮೈಸೂರಿನ ಸಾಂಪ್ರದಾಯಿಕ ಚಿತ್ರಕಾರರು ಕಾಗದವನ್ನು ಹಲಗೆಗೆ ಅಂಟಿಸಿ, ಮೇಲ್ಮೈ ಹದ ಮಾಡಿಕೊಂಡ ಮೇಲೆಯೇ ಬಣ್ಣದ ಕೆಲಸಕ್ಕೆ ಕೈಹಾಕುವುದು. ಇಸ್ಪೀಟಿನಂಥ ಗಂಜೀಫಾ ಆಟದ ಎಲೆಗಳಿಗೂ ಬರೆದಾದ ಮೇಲೆ ಮೆರುಗಿನ ಲೇಪ ಕೊಡುತ್ತಿದ್ದರು, ಕೈಯಿಂದ ಕೈಗೆ ಹೋಗುವ ಎಲೆ ಬಾಳಬೇಕಲ್ಲ. ನಿಮಗೆ ಬೇಕಾದದ್ದು ಮೆರುಗಿಲ್ಲದ ಮ್ಯಾಟ್ ವಾರ್ನಿಷ್ ಸ್ಪ್ರೇ. ಮುದ್ರಿಸಿದ ಹಾಳೆಯನ್ನು ಒಂದು ದಿನ ಚೆನ್ನಾಗಿ ಒಣಗಲು ಬಿಟ್ಟು, 25–30 ಸೆಂಟಿಮೀಟರ್ ದೂರದಿಂದ ಮಂಜು ಬಿದ್ದ ಹಾಗೆ ಒಂದು ಸುತ್ತು, ಅದು ಒಣಗಿದ ಮೇಲೆ ಇನ್ನೊಂದು ಸುತ್ತು. ಹಾಳೆ ಒದ್ದೆಯಾಗಿ ಹೊಳೆಯುವಷ್ಟು ಹೊಡೆಯಬಾರದು. ಲೇಸರ್ ಮುದ್ರಣವಾದರೆ ಮೊದಲು ಬೇಡದ ತುಂಡಿನ ಮೇಲೆ ಪರೀಕ್ಷಿಸಿ. ಹಿಂಬದಿಗೆ ಹೊಡೆಯಬೇಡಿ, ಫೆವಿಕಾಲ್ ಹಿಡಿಯುವುದಿಲ್ಲ; ಅಂಟಿನ ನಾಲಗೆಗಳ ಮೇಲೆ ಬಿದ್ದಿದ್ದರೆ ಮರಳು ಕಾಗದದಿಂದ ಲಘುವಾಗಿ ಉಜ್ಜಿಕೊಳ್ಳಿ. ದಸರೆಗೆಂದು ಕೆಲಸ ಮಾಡುವವರು ಮಳೆಗಾಲದಲ್ಲೇ ಸ್ಪ್ರೇ ಮಾಡಬೇಕಾಗುತ್ತದೆ. ಜಡಿಮಳೆಯ ದಿನ ದಯವಿಟ್ಟು ಬೇಡ. ಸ್ಪ್ರೇಯ ದ್ರಾವಕ ಥಟ್ಟನೆ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು, ಬಿಳಿ ಪೊರೆ ಕಟ್ಟುತ್ತದೆ. ಬಿಸಿಲು ಬಂದ ದಿನ ಮಧ್ಯಾಹ್ನ, ಮಹಡಿಯ ಮೇಲೆ ಗಾಳಿಯಾಡುವ ನೆರಳಿನಲ್ಲಿ, ಮಾಸ್ಕ್ ಹಾಕಿಕೊಂಡು ಮುಗಿಸಿಬಿಡಿ.

ಸೀಲಾದ ಹಾಳೆಯಿಂದ ತುಂಡುಗಳನ್ನು ಕತ್ತರಿಸಿ, ಅಂಚು ಬಳಿದು, ಗಾಡಿಯನ್ನು ಮೂರ್ನಾಲ್ಕು ದೊಡ್ಡ ಭಾಗಗಳಾಗಿ ಕಟ್ಟಿಕೊಳ್ಳಿ: ತಳ ಮತ್ತು ಚಕ್ರಗಳು, ಸರಪಳಿ, ಮೇಲಿನ ಒಡಲು, ಗೋಪುರ. ಸರಪಳಿ ಎಂದರೆ ಟ್ರ್ಯಾಕು. ಎಲ್ಲ ಸೇರಿಸಿದ ಮೇಲೆ ಚಕ್ರದ ಹಿಂದೆ ಕುಂಚ ಹೋಗುವುದಿಲ್ಲ.

ಇನ್ನು ಕೊಳೆ. ಅದಕ್ಕೆ ಮೊದಲು ಒಂದು ಸಂಜೆ ಕಬ್ಬು ನುರಿಸುವ ಹಂಗಾಮಿನಲ್ಲಿ ಮೈಷುಗರ್ ಕಾರ್ಖಾನೆಯ ಹತ್ತಿರ ಹೋಗಿ ನಿಲ್ಲಿ. ಸಾಲುಗಟ್ಟಿ ನಿಂತ ಟ್ರ್ಯಾಕ್ಟರುಗಳನ್ನು ನೋಡಿ. ಮಂಡ್ಯದಲ್ಲಿರುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಚಾಲಕ ಹತ್ತುವ ಮೆಟ್ಟಿಲಿನ ಬಣ್ಣ ಸವೆದು ಕಬ್ಬಿಣ ಬೆಳಗಿರುತ್ತದೆ, ಅದರ ಪಕ್ಕದಲ್ಲೇ ಕಾಲು ತಾಗದ ಮೂಲೆಯಲ್ಲಿ ಬಣ್ಣ ಹೊಸದರಂತೆ ಇರುತ್ತದೆ. ಡೀಸೆಲ್ ಟ್ಯಾಂಕಿನ ಮುಚ್ಚಳದಿಂದ ಕೆಳಕ್ಕೆ ಕಪ್ಪು ಜಿಡ್ಡಿನ ಗೆರೆ ಇಳಿದಿರುತ್ತದೆ; ಆ ಜಿಡ್ಡಿಗೆ ಧೂಳು ಮೆತ್ತಿಕೊಂಡಿರುತ್ತದೆ. ಮಡ್‌ಗಾರ್ಡಿನ ಒಳಗೆ ಗದ್ದೆಯ ಕೆಸರು ಪದರ ಪದರವಾಗಿ ಒಣಗಿರುತ್ತದೆ, ಹಳೆಯದು ತೆಳು ಬಣ್ಣ, ಇವತ್ತಿನದು ಗಾಢ. ಸೈಲೆನ್ಸರ್ ಪೈಪು ಮಾತ್ರ ಪೂರಾ ತುಕ್ಕು, ಅದೂ ಕೆಂಪಲ್ಲ, ಸುಟ್ಟ ಇಟ್ಟಿಗೆಯ ಕಂದು. ಟ್ರ್ಯಾಕ್ಟರಿನ ಮಿಕ್ಕ ಮೈಯಲ್ಲಿ ತುಕ್ಕು ಎಷ್ಟಿದೆ ನೋಡಿ, ಬಹಳ ಕಡಿಮೆ. ದಿನವೂ ದುಡಿಯುವ ಗಾಡಿ ಕೊಳೆಯಾಗುತ್ತದೆ, ಸವೆಯುತ್ತದೆ, ತುಕ್ಕು ಹಿಡಿಯುವುದು ನಿಂತ ಗಾಡಿಗೆ. ಯುದ್ಧದಲ್ಲಿ ಓಡುತ್ತಿರುವ ಟ್ಯಾಂಕಿಗೆ ಮೈತುಂಬ ತುಕ್ಕು ಬಳಿದ ಮಾಡೆಲುಗಳನ್ನು ಕಂಡಾಗ ನನಗೆ ಬೇಸರವಾಗುತ್ತದೆ, ಅಷ್ಟು ಚೆನ್ನಾಗಿ ಕಟ್ಟಿದ ಕೆಲಸದ ನಂಬಿಕೆ ಅಲ್ಲೇ ಕಳಚಿಹೋಗುತ್ತದೆ. ಅಮೆರಿಕದ ಎಂ113ರಂಥ ಗಾಡಿಯ ಒಡಲು ಅಲ್ಯುಮಿನಿಯಮ್ಮಿನದು, ಅದಕ್ಕೆ ಕೆಂಪು ತುಕ್ಕು ಬಳಿಯುವುದಂತೂ ಪೂರ್ತಿ ತಪ್ಪು.

ಟ್ರ್ಯಾಕ್ಟರಿನಲ್ಲಿ ಕಂಡದ್ದನ್ನು ಟಿ-55ರ ಮೇಲೆ ಕೂರಿಸಿ. ಇದರ ಹೊಗೆ ಕೊಳವೆ ಇರುವುದು ಎಡ ಫೆಂಡರಿನ ಹಿಂಭಾಗದಲ್ಲಿ. ಹಾಗಾಗಿ ಮಸಿ ಎಡಗಡೆ ಮಾತ್ರ. ಬಲಗಡೆಯೂ ಮಸಿ ಬಳಿದು ಸಮ ಮಾಡಲು ಹೋಗಬೇಡಿ. ಬಲ ಫೆಂಡರಿನ ಮೇಲೆ ಹೊರಗಿನ ಇಂಧನ ಟ್ಯಾಂಕುಗಳಿವೆ, ಅಲ್ಲಿ ಡೀಸೆಲ್ ಚೆಲ್ಲಿದ ಕಲೆ. ಚಾಲಕ ಕೂರುವುದು ಮುಂದೆ ಎಡಕ್ಕೆ. ಅವನು ಹತ್ತಿಳಿಯುವ ದಾರಿಯಲ್ಲಿ ಬೂಟಿನ ಕೆಸರು, ಅವನು ಒಳಗಿಳಿಯುವ ಮುಚ್ಚಳದ, ಅಂದರೆ ಹ್ಯಾಚಿನ, ಅಂಚಿನಲ್ಲಿ ಸವೆತ. ಪ್ರತಿ ಪಕ್ಕದ ಐದು ರಸ್ತೆ ಚಕ್ರಗಳ ಹೊರಸುತ್ತು ರಬ್ಬರ್. ರಬ್ಬರು ತುಕ್ಕು ಹಿಡಿಯುವುದಿಲ್ಲ, ಬೆಳ್ಳಿಯಂತೆ ಹೊಳೆಯುವುದೂ ಇಲ್ಲ, ಮಾಸಲು ಬೂದು ಬಣ್ಣ ಸಾಕು. ಮೇಲೆ ಸರಪಳಿಯನ್ನು ಹೊರುವ ಸಣ್ಣ ಉರುಳೆಗಳು ಈ ಟ್ಯಾಂಕಿಗಿಲ್ಲ, ಸರಪಳಿ ಜೋತು ಚಕ್ರಗಳ ನೆತ್ತಿಯ ಮೇಲೇ ಒರಗಿರುತ್ತದೆ. ಆ ಜೋಲು ಬರದಿದ್ದರೆ ಎಷ್ಟು ಕೊಳೆ ಹಾಕಿದರೂ ಗಾಡಿಗೆ ತೂಕ ಬರುವುದಿಲ್ಲ. ಫೆಂಡರ್ ತೆಳು ತಗಡಿನದು, ಎಲ್ಲೆಲ್ಲೋ ತಾಗಿ ನೆಗ್ಗಿರುತ್ತದೆ. ಪ್ಲಾಸ್ಟಿಕ್ಕಿನವರು ಇದಕ್ಕಾಗಿ ಬಿಸಿ ಮಾಡಿ ಒದ್ದಾಡುತ್ತಾರೆ. ನಿಮಗೆ ಕಾಗದ ಸಿಕ್ಕಿದೆ, ಮುಂದಿನ ಮೂಲೆಯನ್ನು ಉಗುರಿನಿಂದ ಒಂದಿಷ್ಟು ಬಾಗಿಸಿ, ಆಯಿತು.

ಮಣ್ಣಿನ ಬಣ್ಣದಲ್ಲಿ ನಮ್ಮವರು ಹೆಚ್ಚಾಗಿ ಎಡವುತ್ತಾರೆ. ಮೈಸೂರು, ಮಂಡ್ಯದ ಸುತ್ತ ಕಣ್ಣಿಗೆ ಬೀಳುವುದು ಕೆಂಪು ಮಣ್ಣು, ಕೈ ತಾನಾಗಿ ಕೆಂಪಿನ ಕಡೆಗೇ ಹೋಗುತ್ತದೆ. 1971ರ ಡಿಸೆಂಬರಿನಲ್ಲಿ ನಮ್ಮ ಟಿ-55ಗಳು ಜಮ್ಮುವಿನ ಛಂಬ್ ವಲಯದಲ್ಲಿ, ಮುನಾವರ್ ತಾವಿ ನದಿಯ ಆಸುಪಾಸಿನಲ್ಲಿ ಕಾದಿದವು. ಅದು ಮೆಕ್ಕಲು ಮಣ್ಣಿನ, ಹೊಳೆಗಲ್ಲಿನ ನಾಡು. ಧೂಳು ತೆಳು ಬೂದು-ಕಂದು. ಅದೇ ವರ್ಷ ನವೆಂಬರಿನಲ್ಲಿ ಗರೀಬ್‌ಪುರದಲ್ಲಿ ಕಾದಿದ ಪಿಟಿ-76 ಟ್ಯಾಂಕ್ ಕಟ್ಟುವವರಿಗೆ ಬಂಗಾಳದ ಬೂದು ಜೇಡಿ ಬೇಕು. ರಾಜಸ್ಥಾನದ ಲೊಂಗೆವಾಲಾದ ಮರಳಿಗೆ ಮಾಸಲು ಹಳದಿ. ಅಲ್ಲಿ ಸಿಕ್ಕಿಬಿದ್ದದ್ದು ಪಾಕಿಸ್ತಾನದ ಟಿ-59ಗಳು. ನಮ್ಮ ಕೆಂಪು ಮಣ್ಣು ಬಳಸಲೇಬೇಕೆಂಬ ಆಸೆಯಿದ್ದರೆ ಮೈಸೂರಿನ ಬೆಮೆಲ್ ಕಾರ್ಖಾನೆಯ ಡಂಪರ್ ಒಂದನ್ನು ಕಟ್ಟಿ, ಅದಕ್ಕೆ ಆ ಬಣ್ಣ ಚೆನ್ನಾಗಿ ಒಪ್ಪುತ್ತದೆ.

ಪುಡಿಗೆ ಒಣ ಪಾಸ್ಟೆಲ್ ಬಳಸಿ. ಅಂಗಡಿಯಲ್ಲಿ ಪಾಸ್ಟೆಲ್ ಎಂದು ಕೇಳಿದರೆ ಮಕ್ಕಳ ಆಯಿಲ್ ಪಾಸ್ಟೆಲ್ ಕೊಡುತ್ತಾರೆ. ಅದು ಮೇಣದಂತೆ, ಪುಡಿಯಾಗದು. ಸಾಫ್ಟ್ ಪಾಸ್ಟೆಲ್ ಎಂದೇ ಒತ್ತಿ ಕೇಳಿ. ಮಂಡ್ಯದಲ್ಲಿ ಸಿಗದಿದ್ದರೆ ಮೈಸೂರಿನಲ್ಲಿ ಕಾವಾ ಕಲಾಶಾಲೆಯ ವಿದ್ಯಾರ್ಥಿಗಳು ಸಾಮಾನು ಕೊಳ್ಳುವ ಅಂಗಡಿಗಳಲ್ಲಿ ವಿಚಾರಿಸಿ. ಕಡ್ಡಿಯನ್ನು ಮರಳು ಕಾಗದದ ಮೇಲೆ ತೇಯ್ದು, ಬೂದು, ಓಕರ್, ಅಂಬರ್ ಪುಡಿಗಳನ್ನು ಬೇರೆ ಬೇರೆ ಇಟ್ಟುಕೊಂಡು ಬೇಕಾದಂತೆ ಬೆರೆಸಿ. ಮೆತ್ತನೆಯ ಹಳೆ ಕುಂಚದಲ್ಲಿ ತೆಗೆದು, ಕೆಳಗಿನಿಂದ ಮೇಲಕ್ಕೆ ಹಗುರಾಗುತ್ತ ಹೋಗುವಂತೆ ತಟ್ಟಿ, ಉಜ್ಜಬೇಡಿ. ಚಕ್ರ, ತಳಭಾಗಕ್ಕೆ ಹೆಚ್ಚು. ಡೆಕ್ಕಿನ ಮೂಲೆ, ಸಂದಿಗಳಿಗೆ ಸ್ವಲ್ಪ. ಗೋಪುರದ ಇಳಿಜಾರಿಗೆ ಇನ್ನೂ ಕಡಿಮೆ. ಮೇಲೆ ಮ್ಯಾಟ್ ಸ್ಪ್ರೇ ಹೊಡೆದ ತಕ್ಷಣ ಪುಡಿಯ ಅರ್ಧ ಬಣ್ಣ ಅಡಗಿಹೋಗುತ್ತದೆ. ಗಾಬರಿಯಾಗಬೇಡಿ, ಅದಕ್ಕೇ ಎರಡು ಸುತ್ತು ಮಾಡುವುದು: ಮೊದಲ ಸುತ್ತು ಸ್ಪ್ರೇಯಿಂದ ಕಟ್ಟಿ ಹಾಕಿ, ಎರಡನೆಯದನ್ನು ಹಾಗೇ ಬಿಡಿ.

ನಿಜವಾದ ಮಣ್ಣನ್ನು ಜರಡಿ ಹಿಡಿದು ಹಾಕಬಹುದೇ ಎಂದು ಕೇಳುವವರಿದ್ದಾರೆ. 1:25ರಲ್ಲಿ ಒಂದು ಮಿಲಿಮೀಟರಿನ ಮರಳು ಕಣ 25 ಮಿಲಿಮೀಟರಿನ ಜಲ್ಲಿಕಲ್ಲಾಗಿಬಿಡುತ್ತದೆ. ಮಲ್‌ಮಲ್ ಬಟ್ಟೆಯಲ್ಲಿ ಸೋಸಿದ ನುಣುಪು ಮಣ್ಣಾದರೆ ಸರಪಳಿಯ ಸಂದಿಗೆ, ಫೆಂಡರಿನ ಒಳಕ್ಕೆ ಆಗುತ್ತದೆ. ಬಾಣಲೆಯಲ್ಲಿ ಚೆನ್ನಾಗಿ ಹುರಿದು ತೇವ ತೆಗೆದು ಬಳಸಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ಮಸಿಗೆ ಕರಿ ಪಾಸ್ಟೆಲ್ ಅಥವಾ ಇದ್ದಿಲ ಪುಡಿ. ದೀಪದ ಕಾಡಿಗೆ ಜಿಡ್ಡಿರುವುದರಿಂದ ಬೇಡ. ನಿಮ್ಮ ಕಡೆಯ ಆಲೆಮನೆಯ ಹೊಗೆಗೂಡನ್ನು ಗಮನಿಸಿ: ಬಾಯಿಯ ಹತ್ತಿರ ಗಟ್ಟಿ ಕಪ್ಪು, ಗೇಣು ದೂರಕ್ಕೆ ಕಂದು, ಆಮೇಲೆ ಬೂದು, ಎಲ್ಲಿ ಮುಗಿಯಿತೆಂದೇ ತಿಳಿಯದಂತೆ ಕರಗಿರುತ್ತದೆ. ಹೊಗೆ ಕೊಳವೆಯ ಸುತ್ತ ಬೇಕಾದದ್ದು ಅದೇ. ಕೊಳವೆಗೆ ಮೊದಲು ಬರ್ಂಟ್ ಸಿಯೆನ್ನಾ, ಅಂಬರ್ ಪುಡಿ ತಟ್ಟಿ, ಬಾಯಿಗೆ ಮಾತ್ರ ಕಪ್ಪು.

ಲೋಹದ ಹೊಳಪಿಗೆ ಬೆಳ್ಳಿ ಬಣ್ಣ ಬೇಡವೇ ಬೇಡ. 6ಬಿ ಪೆನ್ಸಿಲನ್ನು ಮರಳು ಕಾಗದದ ಮೇಲೆ ತೇಯ್ದರೆ ಬರುವ ಪುಡಿಯನ್ನು ಬೆರಳ ತುದಿಗೆ ಹಚ್ಚಿಕೊಂಡು ಸರಪಳಿಯ ನೆಲಕ್ಕೆ ತಾಗುವ ಏಣುಗಳಿಗೆ, ಹಿಂದಿನ ಹಲ್ಲುಚಕ್ರದ ಹಲ್ಲಿಗೆ, ಹ್ಯಾಚಿನ ಅಂಚಿಗೆ ಉಜ್ಜಿ. ಕಾಗದದ ಮೇಲೆ ಪೆನ್ಸಿಲಿನ ಗ್ರಾಫೈಟ್ ಪುಡಿ ಕೊಡುವ ಉಕ್ಕಿನ ಮಿಂಚನ್ನು ಯಾವ ದುಬಾರಿ ಬಣ್ಣವೂ ಕೊಡುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಬಣ್ಣ ಕಿತ್ತುಹೋದ ಚುಕ್ಕೆಗಳಿಗೆ ಪಾತ್ರೆ ತಿಕ್ಕುವ ಸ್ಪಂಜಿನ ಒಂದು ಚೂರನ್ನು ಗಾಢ ಕಂದಿನಲ್ಲಿ ಅದ್ದಿ, ಕಾಗದಕ್ಕೆ ಒತ್ತಿ ಒತ್ತಿ ಬಹುಪಾಲು ಬಣ್ಣ ಕಳೆದು, ಅಂಚುಗಳಲ್ಲಿ ಅಲ್ಲೊಂದು ಇಲ್ಲೊಂದು ಮುಟ್ಟಿಸಿ. ಸಾಕಾಯಿತೇ ಎಂಬ ಅನುಮಾನ ಬಂದಾಗ ನಿಲ್ಲಿಸಿ.

ದ್ರವವೇ ಬೇಕೆನಿಸುವ ಜಾಗ ಒಂದೆರಡಿವೆ: ಡೀಸೆಲ್ ಕಲೆ, ಮಳೆ ನೀರಿನ ಇಳಿಗೆರೆ. ಅಲ್ಲಿ ಆಯಿಲ್ ಕಲರ್ ಮತ್ತು ಮಿನರಲ್ ಟರ್ಪೆಂಟೈನ್ ಬಳಸಿ, ಅದು ನೀರಿನಂತೆ ನಾರನ್ನು ಊದಿಸುವುದಿಲ್ಲ. ಆದರೆ ಸೀಲ್ ಆಗದ ಕಾಗದಕ್ಕೆ ಎಣ್ಣೆ ಹೀರಿ, ಬೋಂಡ ಕಟ್ಟಿದ ಪೇಪರಿನಂತೆ ಪಾರದರ್ಶಕ ಕಲೆ ನಿಂತುಬಿಡುತ್ತದೆ. ಬಣ್ಣವನ್ನು ಮೊದಲು ರಟ್ಟಿನ ಮೇಲೆ ಹಿಂಡಿ ಒಂದು ರಾತ್ರಿ ಬಿಟ್ಟರೆ ಹೆಚ್ಚಿನ ಎಣ್ಣೆ ರಟ್ಟಿಗಿಳಿಯುತ್ತದೆ. ಆಮೇಲೆ ಸೂಜಿಮೊನೆಯಷ್ಟು ಅಂಬರ್ ಚುಕ್ಕೆ ಇಟ್ಟು, ಟರ್ಪೆಂಟೈನಿನಲ್ಲಿ ಅದ್ದಿ ಒರೆಸಿದ ಚಪ್ಪಟೆ ಕುಂಚದಿಂದ ನೇರ ಕೆಳಕ್ಕೆ ಎಳೆಯಿರಿ. ಗೆರೆ ಯಾವುದಾದರೂ ತಿರುಪು, ಕೊಂಡಿ, ಅಂಚಿನಿಂದಲೇ ಹುಟ್ಟಬೇಕು. ಮಡಿಕೇರಿಯ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಟಿ-55 ನಿಲ್ಲಿಸಿದ್ದಾರೆ. ಮೈಸೂರಿನಿಂದ ಒಂದೇ ದಿನದಲ್ಲಿ ಹೋಗಿ ಬರಬಹುದು, ಹೋಗಿ ಸುತ್ತು ಹಾಕಿ ಫೋಟೊ ತೆಗೆದುಕೊಳ್ಳಿ. ಆಕಾರ, ತಿರುಪು, ಬೆಸುಗೆ ತಿಳಿಯಲು ಅದು ಅಮೂಲ್ಯ. ಕೊಳೆಯನ್ನು ಮಾತ್ರ ಅದರಿಂದ ನಕಲು ಮಾಡಬೇಡಿ, ಅದು ಕೊಡಗಿನ ಮಳೆಯಲ್ಲಿ ನಿಂತ ಗಾಡಿ, ಛಂಬ್‌ನ ಚಳಿಗಾಲದಲ್ಲಿ ಓಡಿದ್ದಲ್ಲ.

ಹಾಳಾದ ಮೊದಲ ಟ್ಯಾಂಕನ್ನು ಎಸೆಯಬೇಡಿ. ಉಬ್ಬಿದ ಡೆಕ್ಕಿನ ಹಾಳೆಯೊಂದನ್ನೇ ಮತ್ತೆ ಮುದ್ರಿಸಿ, ಮೇಲೆ ಹೇಳಿದಂತೆ ಸೀಲ್ ಮಾಡಿ, ಅಂಚು ಬಳಿದು, ಹಳೆಯದರ ಮೇಲೆ ಅಂಟಿಸಿ. ಉಬ್ಬು ಹೆಚ್ಚಿದ್ದರೆ ಹಳೆಯ ಡೆಕ್ಕನ್ನು ಬ್ಲೇಡಿನಿಂದ ಬಿಡಿಸಿ ತೆಗೆಯಿರಿ. ಕಾಗದ ಎರಡು ಪದರವಾದರೂ 1:25ರಲ್ಲಿ ಕಣ್ಣಿಗೆ ತೋರುವುದಿಲ್ಲ. ಅದೂ ಆಗದಿದ್ದರೆ ತೆಳು ಟಿಶ್ಯೂವನ್ನು ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ, ಸುತ್ತಿಟ್ಟ ಟಾರ್ಪಾಲಿನಂತೆ ಡೆಕ್ಕಿನ ಮೇಲೆ ಹೊದಿಸಿ ಒಣಗಿಸಿ ಬಣ್ಣ ಕೊಡಿ. ಟ್ಯಾಂಕಿನವರು ತಮ್ಮ ಸಾಮಾನನ್ನೆಲ್ಲ ಹಾಗೆ ಕಟ್ಟಿಕೊಂಡೇ ತಿರುಗುತ್ತಾರೆ. ಹೊಸ ವಿಧಾನಗಳನ್ನೆಲ್ಲ ಮೊದಲು ಇದರ ತಳಭಾಗದಲ್ಲಿ ಪ್ರಯೋಗ ಮಾಡಿ ನೋಡಿ.

ಗೊಂಬೆಗಳ ಜೊತೆ ಕೂರಿಸುವಾಗ ದೀಪ, ಊದುಬತ್ತಿಯಿಂದ ದೂರದ ಮೆಟ್ಟಿಲಿನಲ್ಲಿಡಿ. ಎಣ್ಣೆ ಹೊಗೆ ಪುಡಿಗೆ ಹತ್ತಿದರೆ ಬಿಡಿಸಲು ಬಾರದು. ಒಡಲೇ ಸುಮಾರು 26 ಸೆಂಟಿಮೀಟರ್, ಮುಂದೆ ಚಾಚಿದ ಫಿರಂಗಿ ಸೇರಿ 36 ಸೆಂಟಿಮೀಟರ್ ಆಗುವುದರಿಂದ ಜಾಗ ಮೊದಲೇ ನೋಡಿಕೊಳ್ಳಿ. ಹಬ್ಬ ಮುಗಿದ ಮೇಲೆ ಮಿಕ್ಕ ಗೊಂಬೆಗಳಂತೆ ಬಟ್ಟೆ ಸುತ್ತಿ ಪೆಟ್ಟಿಗೆಗೆ ಹಾಕಬೇಡಿ, ಪುಡಿಯೆಲ್ಲ ಬಟ್ಟೆಗೆ ಹೋಗುತ್ತದೆ. ಒಂದು ಗಾಜಿನ ಅಥವಾ ಅಕ್ರಿಲಿಕ್ ಪೆಟ್ಟಿಗೆ ಮಾಡಿಸಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಕಿಟಕಿಯ ಬಿಸಿಲು ಬೀಳದ ಕಡೆ ಇಡಿ. ಡೈ ಶಾಯಿ ಬಿಸಿಲಿಗೆ ಬೇಗ ಮಾಸುತ್ತದೆ. ಎತ್ತುವಾಗ ತಳಕ್ಕೆ ಅಂಗೈ ಕೊಟ್ಟು ಎತ್ತಿ, ಫೆಂಡರ್ ಹಿಡಿದು ಎತ್ತಬೇಡಿ.